ಮೂರಿಂಚು ಹೆಚ್ಚಾದ ಗೋಡೆ

ನಾನು ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಗೆ ಬಂದ ಮೂರನೆಯ ವರ್ಷ, ಕಬ್ಬಿಣದ ಕಾರ್ಖಾನೆಯ ನಾಟಕ ಸಂಘದವರು ನಮ್ಮ ಮನೆಗೆ ಎರಡು ಕೆಲಸಗಳನ್ನು ಒಟ್ಟಿಗೆ ತಂದರು. ಒಂದು ನಮ್ಮವರಿಗೆ, ಇನ್ನೊಂದು ನನಗೆ. ನಮ್ಮವರು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿದ್ದರು. ಹಾಗಾಗಿ ನಾಟಕಕ್ಕೆ ಬೇಕಾದ ಮನೆಯ ನಕ್ಷೆಯನ್ನು ಅವರು ಬರೆಯಬೇಕಾಗಿತ್ತು. ನಾನು ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಹೊಲಿಗೆ ಕಲಿತವಳೆಂದು ಯಾರೋ ಹೇಳಿದ್ದರು. ಹಾಗಾಗಿ ಸೀರೆ, ರವಿಕೆ, ಕಿಟಕಿ ಬಾಗಿಲುಗಳ ಪರದೆ ನನ್ನ ಪಾಲಿಗೆ ಬಂದವು.

ಕೇಳಲು ಬಂದವರು ಸಂಘದ ನಿರ್ದೇಶಕರು. ಹಗಲೆಲ್ಲ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಗುಮಾಸ್ತರು, ಸಂಜೆಯ ಸೈರನ್ ಆದಮೇಲೆ ನಿರ್ದೇಶಕರು. ಕಾಫಿ ಲೋಟವನ್ನು ಪ್ರತಿ ಸಲ ಕೆಳಗಿಡುವಾಗಲೂ ತಳವನ್ನು ಬೆರಳಿನಿಂದ ಒರೆಸಿ ಇಡುತ್ತಿದ್ದರು. ಈ ವರ್ಷ ಶಿವಮೊಗ್ಗದ ನಾಟಕ ಸಪ್ತಾಹಕ್ಕೆ ನಮ್ಮ ಸಂಘಕ್ಕೂ ಕರೆ ಬಂದಿದೆ, ಆ ಊರಿನವರ ಮುಂದೆ ಹಳೆಯ ಸೀನು ಪರದೆ ಇಳಿಬಿಟ್ಟು ಆಡಿದರೆ ಮರ್ಯಾದೆ ಉಳಿಯುವುದಿಲ್ಲ, ಬಾಗಿಲು ಮುಚ್ಚಿ ತೆಗೆಯುವಂಥ, ಕಿಟಕಿಯಿಂದ ಆಚೆ ನೋಡುವಂಥ ನಿಜವಾದ ಮನೆಯೇ ರಂಗದ ಮೇಲೆ ನಿಲ್ಲಬೇಕು ಎಂದರು. ಆಮೇಲೆ ದನಿ ತಗ್ಗಿಸಿ, ಇನ್ನೊಂದು ಹೊಸತೂ ಇದೆ, ಹೆಣ್ಣಿನ ಪಾತ್ರವನ್ನು ಈ ಸಲ ಹೆಣ್ಣೇ ಮಾಡುತ್ತಾಳೆ ಎಂದರು.

ಆ ಮಾತಿಗೆ ದನಿ ಯಾಕೆ ತಗ್ಗಿತೆಂದು ನನಗೆ ತಿಳಿಯಿತು. ಹದಿನಾಲ್ಕು ವರ್ಷದಿಂದ ಆ ಸಂಘದ ಹೆಣ್ಣು ಪಾತ್ರಗಳನ್ನೆಲ್ಲ ಮಾಡುತ್ತಿದ್ದವರು ಒಬ್ಬರೇ, ಕಾರ್ಖಾನೆಯ ಪ್ಯಾಟರ್ನ್ ಶಾಪಿನ ಮೇಸ್ತ್ರಿ. ಕಬ್ಬಿಣವನ್ನು ಎರಕ ಹೊಯ್ಯುವ ಮೊದಲು ಅದರ ಆಕಾರವನ್ನು ಮರದಲ್ಲಿ ಕಡೆದು ಕೊಡುವುದು ಅವರ ಕೆಲಸ. ಜನ್ನಾಪುರದಲ್ಲಿ ಮನೆ, ಹೆಂಡತಿ, ಮಕ್ಕಳು. ನಾನು ಬಂದ ಮೊದಲ ವರ್ಷ ಕ್ಲಬ್ಬಿನ ಬಯಲು ಕಟ್ಟೆಯ ಮೇಲೆ ಅವರ ಪಾತ್ರ ನೋಡಿ, ಪಕ್ಕದಲ್ಲಿದ್ದವರಿಗೆ ಕಾಣದಂತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೆ. ಮರುವಾರ ಓಲ್ಡ್ ಟೌನಿನ ಸಂತೆಯಲ್ಲಿ ಒಬ್ಬ ಗಂಡಸು ನುಗ್ಗೆಕಾಯಿಯನ್ನು ಒಂದೊಂದಾಗಿ ಬಗ್ಗಿಸಿ ನೋಡುತ್ತ ನಿಂತಿದ್ದ. ನಮ್ಮವರು ತೋರಿಸಿದರೂ, ನನ್ನನ್ನು ಅಳಿಸಿದ ಆ ಹೆಂಗಸು ಇವರೇ ಎಂದು ನಂಬಲು ನನಗೆ ಆಗಲಿಲ್ಲ. ಹುಬ್ಬು ಮಾತ್ರ ತೆಳ್ಳಗಿತ್ತು.

ಅವರಿಗೆ ನಲವತ್ತು ದಾಟಿದೆ, ದನಿ ದಪ್ಪವಾಗಿದೆ, ಬೇರೆ ತಂಡಗಳು ಹೆಣ್ಣುಮಕ್ಕಳನ್ನೇ ತರುತ್ತಿರುವಾಗ ನಾವು ಮೀಸೆ ಬೋಳಿಸಿದ ಗಂಡಸನ್ನು ಕರೆದುಕೊಂಡು ಹೋದರೆ ಶಿವಮೊಗ್ಗದವರು ನಗುತ್ತಾರೆ ಎಂಬುದು ನಿರ್ದೇಶಕರ ವಾದ. ಪಾತ್ರಕ್ಕೆ ಆಸ್ಪತ್ರೆಯ ನರ್ಸೊಬ್ಬಳು ಒಪ್ಪಿದ್ದಳು. ಮೇಸ್ತ್ರಿಗೆ ಮನೆ ಕಟ್ಟುವ ಕೆಲಸವನ್ನೂ ಉಡುಗೆ ತೊಡುಗೆಯಲ್ಲಿ ನನಗೆ ಹೇಳಿಕೊಡುವುದನ್ನೂ ವಹಿಸಿದ್ದರು. ಅವರು ಏನೆಂದರು ಎಂದು ನಮ್ಮವರು ಕೇಳಿದಾಗ, ನಿರ್ದೇಶಕರು ಲೋಟದ ತಳ ಒರೆಸುತ್ತ, ‘ಆಗ್ಲಿ’ ಅಂದರು ಅಷ್ಟೆ ಎಂದರು.

ಮಾರನೆಯ ಭಾನುವಾರ ಮೇಸ್ತ್ರಿ ಒಂದು ಟ್ರಂಕನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು. ಹದಿನಾಲ್ಕು ವರ್ಷದ ರವಿಕೆಗಳು, ಚೌರಿಗಳು, ಗಾಜಿನ ಬಳೆಗಳು. ಪ್ರತಿ ರವಿಕೆಯ ಮಡಿಕೆಯೊಳಗೂ ಹಳೆಯ ಕಾಗದ, ಪ್ರತಿ ಮೂಲೆಯಲ್ಲೂ ನುಸಿಗುಳಿಗೆ. ಬಳೆಗಳನ್ನು ಒಂದಕ್ಕೊಂದು ತಾಗದ ಹಾಗೆ ದಾರ ಸುತ್ತಿ ಇಟ್ಟಿದ್ದರು. ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಇದು ಇನ್ನು ನಿಮ್ಮ ವಶ ಎಂದು ನನಗೆ ಹೇಳಿದರು. ಖಾಲಿ ಟ್ರಂಕನ್ನು ವಾಪಸ್ಸು ಕಟ್ಟುವಾಗ ಹಗ್ಗದ ಗಂಟು ಎರಡು ಸಲ ಜಾರಿತು. ನಾನು ಅದನ್ನು ನೋಡಿದೆನೆಂದು ಅವರಿಗೆ ಗೊತ್ತಾಗದಿರಲಿ ಎಂದು ಒಳಗೆ ಹೋಗಿ ನೀರು ತಂದೆ.

ನಾಟಕದ ಕಥೆ ದೊಡ್ಡದೇನಲ್ಲ. ಒಂದು ಮನೆಗೆ ಸೊಸೆಯಾಗಿ ಬಂದವಳು, ಎರಡನೆಯ ಅಂಕದಲ್ಲಿ ತಾಯಿ, ಮೂರನೆಯ ಅಂಕದಲ್ಲಿ ಅದೇ ಮನೆಯಲ್ಲಿ ಯಾರಿಗೂ ಬೇಡವಾದ ಮುದುಕಿ. ನಾನು ಮೂರು ಬಗೆಯ ಸೀರೆಗಳನ್ನು ಯೋಚಿಸಿದ್ದೆ. ಮೇಸ್ತ್ರಿ ತಲೆಯಲ್ಲಾಡಿಸಿದರು. ಮೂರೂ ಒಂದೇ ಸೀರೆಯಾಗಿರಲಿ, ಅವಳಿಗೆ ಆ ಮನೆಯವರು ಇನ್ನೊಂದು ಸೀರೆ ತರಲೇ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳದೆ ಜನರಿಗೆ ಗೊತ್ತಾಗಲಿ ಎಂದರು. ಅಂಚು ಬಣ್ಣ ಎಲ್ಲ ಒಂದೇ ಆದ ಮೂರು ನೂಲಿನ ಸೀರೆ ಕೊಂಡೆವು. ಒಂದಕ್ಕೆ ಅಕ್ಕಿಗಂಜಿ ಹಾಕಿ ಕಾಗದದಂತೆ ಗರಿಗರಿ ಮಾಡಿದೆವು. ಇನ್ನೊಂದನ್ನು ದಿನಾ ಒಗೆದು ಬಿಸಿಲಿಗೆ ಹಾಕಿದೆ. ಕಾರ್ಖಾನೆಯ ಚಿಮಣಿಯ ಕರಿ ಅದರ ಮೇಲೆ ತಾನಾಗಿ ಬಿದ್ದು, ನನ್ನ ಕೆಲಸ ಅರ್ಧ ಕಡಿಮೆ ಮಾಡಿತು. ಮೂರನೆಯದನ್ನು ಸೋಡಾ ಹಾಕಿ ಎರಡು ಹೊತ್ತು ಕುದಿಸಿ, ಮೊಣಕಾಲು ಬರುವ ಕಡೆ ಕಲ್ಲಿನಿಂದ ಉಜ್ಜಿ, ನೆರಿಗೆಯ ಮುಂದೆ ಒಂದು ತೇಪೆ ಹಾಕಿದೆ. ಅಂಕದ ಪರದೆ ಬಿದ್ದು ಏಳುವುದರೊಳಗೆ ಉಡುಪು ಬದಲಾಗಬೇಕಾದ್ದರಿಂದ ನೆರಿಗೆಗಳನ್ನು ಮೊದಲೇ ಹಿಡಿದು, ಒಳಗೆ ಪಟ್ಟಿಗೆ ಹೊಲಿದು, ಸೊಂಟಕ್ಕೆ ಕೊಂಡಿ ಹಾಕುವ ಉಪಾಯ ಅವರದು. ನಾನು ಹೊಲಿಯುತ್ತಿದ್ದೆ; ಅವರು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದರು. ವಯಸ್ಸಾದವಳ ಸೀರೆ ಒಂದು ಗೇಣು ಮೇಲಿರಬೇಕು, ಎಡವುವ ಭಯ ಇರುತ್ತದೆ ಎನ್ನುವರು. ಇಪ್ಪತ್ತೆರಡು ವರ್ಷ ಹೆಣ್ಣಾಗಿಯೇ ಇದ್ದ ನನಗೆ ಅದು ಗೊತ್ತಿರಲಿಲ್ಲ.

ತಾಲೀಮು ದಿನಾ ಸಂಜೆ ಕ್ಲಬ್ಬಿನ ಕಟ್ಟೆಯ ಮೇಲೆ. ನರ್ಸ್ ಹುಡುಗಿ ಡ್ಯೂಟಿ ಮುಗಿಸಿ ನೇರ ಬರುತ್ತಿದ್ದಳು, ಕೈಯಲ್ಲಿ ಡೆಟಾಲಿನ ವಾಸನೆ. ಮನೆಮಾತು ತಮಿಳು, ಆದರೆ ಮಾತುಗಳನ್ನು ಎಲ್ಲರಿಗಿಂತ ಮೊದಲು ಬಾಯಿಪಾಠ ಮಾಡಿದ್ದಳು. ಮೇಸ್ತ್ರಿ ಮುಂದಿನ ಬೆಂಚಿನಲ್ಲಿ ಕೂತು ಒಂದು ಮಾತೂ ಆಡದೆ ಅವಳ ಕಾಲುಗಳನ್ನೇ ನೋಡುತ್ತಿದ್ದರು. ಒಂದು ದಿನ ರವಿಕೆಯ ಅಳತೆ ಕೊಡಲು ಬಂದಾಗ ಅವಳು, ಅಕ್ಕಾ, ಅವರಿಗೆ ನನ್ನ ಮೇಲೆ ಕೋಪವಾ ಎಂದು ಕೇಳಿದಳು. ಇಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ತಂಡದಲ್ಲಿ ಕೆಲವರು, ಪಾರ್ಟು ಕಿತ್ತುಕೊಂಡ ಮೇಲೆ ಮನುಷ್ಯ ಸುಮ್ಮನಿರುತ್ತಾನಾ, ನೋಡುತ್ತಿರಿ ಎಂದು ಪಿಸುಗುಡುವುದು ನನ್ನ ಕಿವಿಗೂ ಬಿದ್ದಿತ್ತು.

ಇತ್ತ ನಮ್ಮವರು ನಕ್ಷೆ ಬರೆದರು. ಅದಕ್ಕೂ ಮೊದಲು ನನ್ನ ತವರಿಗೆ ಹೋಗಿದ್ದ ಒಂದು ಭಾನುವಾರ ಶಿವಮೊಗ್ಗದಲ್ಲಿ ಸಪ್ತಾಹ ನಡೆಯುವ ಹಾಲಿಗೆ ಹೋಗಿ ರಂಗದ ಅಳತೆ ತೆಗೆದುಕೊಂಡಿದ್ದರು. ಎರಡು ಕಡೆ ಎರಡು ಕಲ್ಲಿನ ಕಂಬ, ಅವುಗಳ ನಡುವೆ ಇಪ್ಪತ್ತನಾಲ್ಕು ಅಡಿ. ಟೇಪಿನ ಇನ್ನೊಂದು ತುದಿಯನ್ನು ಕಂಬಕ್ಕೆ ಒತ್ತಿ ಹಿಡಿದವಳು ನಾನೇ. ಆ ಕಂಬಗಳ ನಡುವೆ ಕೂರುವಂತೆ ಇಪ್ಪತ್ತಮೂರು ಅಡಿ ಒಂಬತ್ತು ಇಂಚಿನ ಗೋಡೆ, ಅದಕ್ಕೊಂದು ಬಾಗಿಲು, ಎರಡು ಕಿಟಕಿ. ಅವರಿಗೆ ಬೇರೆ ರೀತಿ ಬರೆಯಲು ಬರುತ್ತಿರಲಿಲ್ಲವೋ ಏನೋ, ಕಾರ್ಖಾನೆಯ ಯಂತ್ರದ ಭಾಗವೊಂದನ್ನು ಬರೆದ ಹಾಗೆಯೇ ಬರೆದು, ನೀಲಿ ಪ್ರಿಂಟು ತೆಗೆಸಿ, ಮೂಲೆಯಲ್ಲಿ ಚೌಕ ಹಾಕಿ ಸಹಿ ಮಾಡಿ ಮೇಸ್ತ್ರಿಯ ಕೈಗೆ ಕೊಟ್ಟರು. ಮೇಸ್ತ್ರಿ ಕೆಲಸ ಮುಗಿಸಿ ಬಂದ ಮೇಲೆ ಜನ್ನಾಪುರದ ತಮ್ಮ ಹಿತ್ತಲಿನಲ್ಲಿ ಪ್ಯಾಕಿಂಗ್ ಪೆಟ್ಟಿಗೆಗಳ ರೀಪುಗಳಿಂದ ಐದು ಚೌಕಟ್ಟು ಕಟ್ಟಿ, ಮಂಜರಪಾಟು ಬಟ್ಟೆ ಬಿಗಿದು, ಸುಣ್ಣ ಬಳಿದು, ಅವುಗಳನ್ನು ಕೀಲುಗಳಿಂದ ಜೋಡಿಸಿದರು.

ನಾನು ನಕ್ಷೆಯ ಅಳತೆಗೆ ಪರದೆಗಳನ್ನು ಹೊಲಿದು ಜನ್ನಾಪುರಕ್ಕೆ ತೆಗೆದುಕೊಂಡು ಹೋದೆ. ಕಿಟಕಿಯ ಪರದೆ ಒಂದು ಹೆಬ್ಬೆರಳಿನಷ್ಟು ಗಿಡ್ಡ. ಬಾಗಿಲಿನದು ಅದಕ್ಕಿಂತ ಸ್ವಲ್ಪ ಹೆಚ್ಚು ಗಿಡ್ಡ. ನನ್ನ ಮುಖ ಬಿಸಿಯಾಯಿತು. ಹೊಸ ಬಟ್ಟೆಯನ್ನು ರಾತ್ರಿಯೆಲ್ಲ ನೆನೆಸಿ, ಅದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿದ ಮೇಲೆ ಕತ್ತರಿಸಬೇಕೆಂದು ಸಿಸ್ಟರ್ ಎಷ್ಟು ಸಲ ಹೇಳಿದ್ದರು. ನಾನು ಅವಸರದಲ್ಲಿ ಕತ್ತರಿಸಿ ಆಮೇಲೆ ಒಗೆದಿದ್ದೆ. ತಪ್ಪು ನನ್ನದೇ ಎಂದುಕೊಂಡು, ಯಾರಿಗೂ ಹೇಳದೆ ಕೆಳಗೆ ಕೆಂಪು ಅಂಚೊಂದನ್ನು ಕೂಡಿಸಿದೆ. ಅಂಚು ಒಪ್ಪುತ್ತದೆ ಎಂದು ಮೇಸ್ತ್ರಿಯ ಹೆಂಡತಿ ಮೆಚ್ಚಿದರು. ನಾನು ಆ ಮೆಚ್ಚುಗೆಯನ್ನೂ ಕಟ್ಟಿಕೊಂಡು ಮನೆಗೆ ಬಂದೆ.

ನಾಟಕದ ದಿನ ಶನಿವಾರ. ನಮ್ಮವರಿಗೆ ಮಧ್ಯಾಹ್ನದವರೆಗೆ ಆಫೀಸು. ನಾನು, ನರ್ಸ್ ಹುಡುಗಿ, ಇನ್ನಿಬ್ಬರ ಮನೆಯವರು ಬೆಳಗಿನ ಬಸ್ಸಿನಲ್ಲಿ ಹೋದೆವು. ಗೋಡೆ ಲಾರಿಯಲ್ಲಿ ಮುಂದೆ ಹೋಗಿತ್ತು. ನಾವು ಹಾಲಿಗೆ ಕಾಲಿಟ್ಟಾಗ ಎಲ್ಲರೂ ರಂಗದ ಮೇಲೆ ಗುಂಪುಗೂಡಿದ್ದರು. ಗೋಡೆಯ ಒಂದು ತುದಿ ಎಡಗಡೆಯ ಕಂಬಕ್ಕೆ ತಾಗಿತ್ತು. ಇನ್ನೊಂದು ತುದಿ ಬಲಗಡೆಯ ಕಂಬದ ಮುಂದಕ್ಕೆ ಚಾಚಿ, ಒಳಗೆ ಹೋಗಲಾರದೆ ನಿಂತಿತ್ತು. ಮೂರು ಇಂಚು ಹೆಚ್ಚು.

ನಿರ್ದೇಶಕರು ಹಣೆ ಒತ್ತಿಕೊಳ್ಳುತ್ತಿದ್ದರು. ಆಮೇಲೆ ಎಲ್ಲರಿಗೂ ಕೇಳುವಂತೆ, ಆದರೆ ಕೂಗದೆ ಹೇಳಿದರು: “ಹದಿನಾಲ್ಕು ವರ್ಷ ನೂಲಿನಷ್ಟು ತಪ್ಪದ ಕೈ. ಇವತ್ತೇ ಮೂರಿಂಚು ತಪ್ಪಬೇಕಾ ಮಾರಾಯ?”

ಅದು ಪ್ರಶ್ನೆಯಾಗಿರಲಿಲ್ಲ. ಯಾರೋ ಹಿಂದಿನಿಂದ, ಪಾರ್ಟು ಹೋದರೂ ಅಳತೆ ಕೈಯಲ್ಲೇ ಇತ್ತಲ್ಲ ಎಂದು ಸಣ್ಣಗೆ ಅಂದರು. ನರ್ಸ್ ಹುಡುಗಿ ಮೇಸ್ತ್ರಿಯ ಕಡೆ ಒಮ್ಮೆ ನೋಡಿ, ಸೀರೆಯ ಗಂಟನ್ನು ಎದೆಗವಚಿಕೊಂಡು, ಕಣ್ಣು ತುಂಬಿಕೊಂಡು ಗ್ರೀನ್ ರೂಮಿಗೆ ಹೋಗಿಬಿಟ್ಟಳು.

ಮೇಸ್ತ್ರಿ ಜಗಳ ಆಡಲಿಲ್ಲ. ಚೀಲದಿಂದ ಎರಡಡಿಯ ಉಕ್ಕಿನ ಸ್ಕೇಲು ತೆಗೆದು, ಮಂಡಿಯೂರಿ, ಗೋಡೆಯ ಬುಡದಲ್ಲಿ ಒಂದರ ಮುಂದೆ ಒಂದರಂತೆ ಇಟ್ಟು ಅಳೆದರು. ಇಪ್ಪತ್ತಮೂರು ಅಡಿ ಒಂಬತ್ತು ಇಂಚು. ನೀಲಿ ಪ್ರಿಂಟನ್ನು ಬಿಡಿಸಿ ತೋರಿಸಿದರು, ಅಲ್ಲೂ ಅಷ್ಟೇ. ಆಮೇಲೆ ಕಂಬಗಳ ನಡುವೆ ಅಳೆದರು. ಇಪ್ಪತ್ತಮೂರೂವರೆ ಅಡಿ ಬಂತು. ಹಾಗಾದರೆ ಡ್ರಾಯಿಂಗ್ ಆಫೀಸಿನ ಸಾರ್ ಅಳೆದದ್ದೇ ತಪ್ಪು ಅನ್ನು ಎಂದು ನಿರ್ದೇಶಕರು ನಕ್ಕರು. ಆ ನಗುವಿನಲ್ಲಿ ನಂಬಿಕೆ ಇರಲಿಲ್ಲ. ಗೋಡೆ ಹಾಳು ಮಾಡಿದ್ದಲ್ಲದೆ ಈಗ ಇನ್ನೊಬ್ಬರ ಮೇಲೆ ಹಾಕುತ್ತಿದ್ದಾನೆ ಎಂಬಂತೆ ಎಲ್ಲರೂ ಮುಖ ತಿರುಗಿಸಿದರು. ಗರಗಸ ತರುವುದಕ್ಕೆ ಒಬ್ಬರು ಹೊರಟರು.

ಕಂಬಗಳ ನಡುವೆ ಇಪ್ಪತ್ತನಾಲ್ಕು ಅಡಿ ಇದ್ದದ್ದು ನನಗೆ ಗೊತ್ತಿತ್ತು. ಟೇಪಿನ ತುದಿ ನನ್ನ ಹೆಬ್ಬೆರಳಿನ ಕೆಳಗೇ ಇತ್ತು. ಮೇಸ್ತ್ರಿ ಸುಳ್ಳು ಹೇಳುವವರಂತೆಯೂ ಕಾಣುತ್ತಿರಲಿಲ್ಲ. ಅವರು ನಮ್ಮೆಲ್ಲರಿಗಿಂತ ಹೆಚ್ಚು ಗಾಬರಿಯಾಗಿ ಸ್ಕೇಲಿನ ಕಡೆಗೂ ಕಂಬದ ಕಡೆಗೂ ನೋಡುತ್ತಿದ್ದರು. ಆಗ ನನಗೆ ಆ ಪರದೆಗಳ ನೆನಪಾಯಿತು. ಕುಗ್ಗಿದ್ದು ಬಟ್ಟೆಯೇ ಹೌದೋ ಎಂದು ನಾನು ಅಳೆದು ನೋಡಿರಲಿಲ್ಲ. ದೊಡ್ಡ ಪರದೆ ಹೆಚ್ಚು ಗಿಡ್ಡ, ಸಣ್ಣದು ಕಡಿಮೆ ಗಿಡ್ಡ, ಲೆಕ್ಕ ಹಾಕಿ ಮಾಡಿದ ಹಾಗೆ. ಪರದೆ ಸರಿಯಿದ್ದು, ಕಿಟಕಿ ಬಾಗಿಲುಗಳೇ ದೊಡ್ಡದಾಗಿದ್ದರೆ? ನನ್ನ ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದುಕೊಂಡು, ಅಷ್ಟು ಗಂಡಸರ ನಡುವೆ ಮಾತಾಡಲು ಬಾಯಿ ಬರದೆ, ಮೇಸ್ತ್ರಿ ಒಬ್ಬರೇ ರಂಗದ ಪಕ್ಕದ ಮರೆಗೆ, ವಿಂಗಿನ ಕಡೆ ಹೋಗುವವರೆಗೆ ಕಾದೆ.

ಅಲ್ಲಿ ಒಂದು ಹಳೆಯ ಮೇಜಿತ್ತು. ಅದರ ಮೇಲೆ ಟೇಪು ಬಿಡಿಸಿಟ್ಟು, ನಿಮ್ಮ ಸ್ಕೇಲು ಇದರ ಪಕ್ಕ ಇಡಿ ಎಂದೆ. ಇಟ್ಟರು. ಎರಡರ ತುದಿಯನ್ನೂ ಮೇಜಿನ ಅಂಚಿಗೆ ಸರಿ ಮಾಡಿದೆವು. ಇನ್ನೊಂದು ಕಡೆ ನನ್ನ ಟೇಪಿನ ಎರಡಡಿ ಮುಗಿದ ಮೇಲೂ ಅವರ ಎರಡಡಿ ಅರ್ಧ ಇಂಚು ಮುಂದಕ್ಕಿತ್ತು.

ಅವರು ಸ್ಕೇಲನ್ನು ತಿರುಗಿಸಿ ಅದರ ಹಿಂದೆ ಕೊರೆದಿದ್ದನ್ನು ಓದಿದರು. ಆಮೇಲೆ ಅಲ್ಲೇ ಇದ್ದ ಬಣ್ಣದ ಡಬ್ಬದ ಮೇಲೆ ಕೂತುಬಿಟ್ಟರು.

ಅವರು ಬಿಡಿಸಿ ಹೇಳಿದ ಮೇಲೆ ನನಗೆ ಅರ್ಥವಾಯಿತು. ಕಾದ ಉಕ್ಕು ಆರಿದಾಗ ಕುಗ್ಗುತ್ತದೆ, ಅಡಿಗೆ ಕಾಲಿಂಚು. ಹಾಗಾಗಿ ಎರಕಕ್ಕೆ ಮಾಡುವ ಮರದ ಮಾದರಿ ಅಷ್ಟು ದೊಡ್ಡದಿರಬೇಕು. ಪ್ರತಿ ಸಲ ಕೂಡಿಸುವ ಕಷ್ಟ ಬೇಡವೆಂದು ಪ್ಯಾಟರ್ನ್ ಶಾಪಿನಲ್ಲಿ ಅಡಿಯನ್ನೇ ಉದ್ದ ಮಾಡಿ ಕೊರೆದ ಸ್ಕೇಲುಗಳಿರುತ್ತವೆ. ಅದಕ್ಕೆ ಅವರು ಶ್ರಿಂಕೇಜ್ ಸ್ಕೇಲು ಎನ್ನುತ್ತಿದ್ದರು. ಡ್ರಾಯಿಂಗ್ ಆಫೀಸಿನ ನೀಲಿ ಕಾಗದ ಕೈಗೆ ಬಂತೆಂದರೆ ಇಪ್ಪತ್ತು ವರ್ಷದಿಂದ ಅವರ ಕೈ ಆ ಸ್ಕೇಲಿಗೇ ಹೋಗುತ್ತಿತ್ತು. ಹಿತ್ತಲಿನಲ್ಲಿ ಕೂತು ನಾಟಕದ ಗೋಡೆಗೂ ಅದನ್ನೇ ಹಿಡಿದಿದ್ದರು. ಮರ ಆರುವುದೂ ಇಲ್ಲ, ಕುಗ್ಗುವುದೂ ಇಲ್ಲ. ನಾನು ಬಟ್ಟೆ ಕುಗ್ಗಿತೆಂದು ಅಂಚು ಹಾಕಿದ್ದನ್ನು ಹೇಳಿದೆ. ಅಂದೇ ಒಂದು ಮಾತು ಆಡಿದ್ದರೆ ಹಿತ್ತಲಿನಲ್ಲೇ ಸರಿಹೋಗುತ್ತಿತ್ತು.

ಎಲ್ಲರಿಗೂ ಹೇಳೋಣ ಬನ್ನಿ ಎಂದು ನಾನು ಎದ್ದೆ. ಅವರು ಏಳಲಿಲ್ಲ.

“ಅಮ್ಮಾವ್ರೆ, ಇದನ್ನ ಇಲ್ಲಿಗೇ ಬಿಟ್ಟುಬಿಡಿ. ಬೇಕೂಂತ ಮಾಡ್ದ ಅಂದ್ಕೊಳ್ಳಲಿ. ನಾಲ್ಕು ದಿನ ಬೈತಾರೆ, ಸಂಘದಿಂದ ತೆಗೀತಾರೆ, ಮುಗೀತು. ಪ್ಯಾಟರ್ನ್ ಮೇಸ್ತ್ರಿ ನಾಟಕದ ಗೋಡೆಗೆ ಶ್ರಿಂಕೇಜ್ ಸ್ಕೇಲ್ ಇಟ್ಟ ಅಂತ ಶಾಪಲ್ಲಿ ಗೊತ್ತಾದ್ರೆ, ರಿಟೈರ್ ಆಗೋವರೆಗೂ ನಗ್ತಾರೆ.”

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಕೈಯ ಮೇಲಿನ ನಂಬಿಕೆಯೊಂದೇ ಅವರಿಗೆ ಉಳಿದಿದ್ದು. ಪಾತ್ರ ಹೋಗಿತ್ತು, ಟ್ರಂಕು ಖಾಲಿಯಾಗಿತ್ತು. ಆದರೂ ಹೇಳಿದೆ.

“ಆ ಹುಡುಗಿ ಒಳಗೆ ಅಳ್ತಾ ಕೂತಿದಾಳೆ ಮೇಸ್ತ್ರಿಗಳೇ. ತಾನು ಸ್ಟೇಜ್ ಮೇಲೆ ಸೋಲಲಿ ಅಂತ ನೀವು ಕಾಯ್ತಿದೀರಿ ಅಂತ ತಿಳ್ಕೊಂಡಿದಾಳೆ. ಅದನ್ನೂ ಇಲ್ಲಿಗೇ ಬಿಡೋದಾ?”

ಅವರು ಸ್ಕೇಲಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತರು. ಹೊರಗೆ ಗರಗಸ ಸಿಕ್ಕಿತೆಂದು ಯಾರೋ ಕೂಗಿದ್ದು ಕೇಳಿಸಿತು. ಆಗ ಎದ್ದರು. ನನ್ನನ್ನೂ ಬರಲು ಸನ್ನೆ ಮಾಡಿ, ಗ್ರೀನ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಹುಡುಗಿ ಮುಖ ತೊಳೆದುಕೊಂಡಿದ್ದಳು, ಮೂಗಿನ ತುದಿ ಮಾತ್ರ ಕೆಂಪಗಿತ್ತು.

ಸ್ಕೇಲನ್ನೂ ಟೇಪನ್ನೂ ಅವಳ ಮುಂದಿಟ್ಟು ನಡೆದಿದ್ದನ್ನು ಹೇಳಿದರು. ಆಮೇಲೆ ಅವರು ಇನ್ನೊಂದು ಮಾತು ಸೇರಿಸಿದರು.

“ಪಾರ್ಟು ಹೋಯ್ತು ಅಂತ ಬೇಜಾರಿತ್ತು ತಾಯಿ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆ ಬೇಜಾರಲ್ಲಿ ಕೈ ಏನು ಹಿಡ್ಕೊಂಡಿದೆ ಅಂತ ನೋಡ್ಲಿಲ್ಲ. ಆದ್ರೆ ನೀನು ನಿಂತ್ಕೊಳ್ಳೋ ಮನೆನ ನಾನು ಕೆಡಿಸಲ್ಲ.”

“ಮತ್ತೆ ದಿನಾ ನನ್ನ ಕಾಲನ್ನೇ ಯಾಕೆ ನೋಡ್ತಿದ್ರಿ?” ಎಂದಳು ಅವಳು. ತಿಂಗಳಿಂದ ಒಳಗಿಟ್ಟುಕೊಂಡಿದ್ದ ಪ್ರಶ್ನೆ.

ಮೇಸ್ತ್ರಿ ನನ್ನ ಕಡೆ ನೋಡಿದರು, ಹೇಳಲೋ ಬೇಡವೋ ಎಂಬಂತೆ. “ಮೂರನೇ ಅಂಕದಲ್ಲಿ ನೀನು ನರ್ಸ್ ಥರಾನೇ ನಡೀತೀಯ. ವಾರ್ಡಲ್ಲಿ ಯಾರೋ ಕರೆದ್ರು ಅಂತ ಹೋಗೋ ನಡಿಗೆ. ಆ ಮುದುಕೀನ ಯಾರೂ ಕರೆಯೋದಿಲ್ಲ. ಹೇಳ್ಬೇಕು ಅಂತಿದ್ದೆ. ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ ಅಂತ ಸುಮ್ಮನಿದ್ದೆ.”

ಹುಡುಗಿ ಎದ್ದು, ಆ ಸಣ್ಣ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿ, ಹೀಗಾ ಅಣ್ಣಾ ಎಂದಳು. ಇನ್ನೂ ನಿಧಾನ, ಎಲ್ಲಿಗೆ ಹೋಗಬೇಕೆಂದು ಅರ್ಧ ದಾರಿಯಲ್ಲಿ ಮರೆತುಹೋಗಲಿ ಎಂದರು ಅವರು. ನಾನು ಕದ ಹಿಡಿದು ನಿಂತಿದ್ದೆ. ಹೊರಗೆ ಗರಗಸ ಕಾಯುತ್ತಿದೆ ಎಂದು ನಾನೇ ನೆನಪು ಮಾಡಬೇಕಾಯಿತು.

ಹೊರಗೆ ಬಂದು ಅವರು ಎಲ್ಲರ ಮುಂದೆ ಸ್ಕೇಲನ್ನು ಎತ್ತಿ ಹಿಡಿದರು. ಎರಡೇ ಮಾತಿನಲ್ಲಿ ಹೇಳಿದರು. ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಎರಕದ ಶಾಪಿನಲ್ಲಿ ಕೆಲಸ ಮಾಡುವ, ಮಾವನ ಪಾತ್ರದವರು ಮೊದಲು ನಕ್ಕರು. ಆಮೇಲೆ ಅದು ತಡೆಯಲಾಗದ ನಗುವಾಯಿತು. ನಿರ್ದೇಶಕರೂ ನಕ್ಕು, ನಮ್ಮ ಹೀರೋಯಿನನ್ನೂ ಎರಕ ಹೊಯ್ಯೋಣ ಅಂತಿದ್ಯಾ ಮಾರಾಯ ಎಂದರು. ಮೇಸ್ತ್ರಿಯ ಕಿವಿ ಕೆಂಪಾಗಿತ್ತು. ಆದರೆ ನಿಂತ ಜಾಗದಿಂದ ಕದಲಲಿಲ್ಲ. ನಗು ಇಳಿದ ಮೇಲೆ ನಿರ್ದೇಶಕರು ಹತ್ತಿರ ಬಂದು, ನಾನು ಹಾಗೆ ಅನ್ನಬಾರದಿತ್ತು ಎಂದು ಗೊಣಗಿದರು. ಅದು ಅವರಿಬ್ಬರಿಗೆ ಮಾತ್ರ ಕೇಳಿಸಲಿ ಎಂದು ಅಂದದ್ದು. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಗರಗಸ ಹಾಕಬೇಕಾದರೆ ಬಾಗಿಲ ನಿಲುವಿಗೇ ಹಾಕಬೇಕಿತ್ತು. ಮೇಸ್ತ್ರಿ ಬೇಡ ಎಂದರು. ಐದು ಚೌಕಟ್ಟುಗಳಿಗೂ ಕೀಲುಗಳಿದ್ದವು. ಬಲಗಡೆಯ ಎರಡನ್ನು ಮುಂದಕ್ಕೆ ಮಡಿಸಿ, ಗೋಡೆಯನ್ನು ಓರೆಯಾಗಿ ನಿಲ್ಲಿಸಿದರು. ಮನೆ ಕಂಬಗಳ ನಡುವೆ ಕೂತಿತು. ನೋಡಿದರೆ ಅದು ಈಗ ನೇರ ನಿಂತ ಗೋಡೆಯಾಗಿರದೆ ಒಂದು ಮನೆಯ ಮೂಲೆಯಾಗಿತ್ತು, ನಾವು ಪಕ್ಕದ ಮನೆಯ ಅಂಗಳದಿಂದ ಇಣುಕಿದ ಹಾಗೆ. ಆದರೆ ಬಾಗಿಲು ಮಡಿಸಿದ ಭಾಗದಲ್ಲಿ ಇದ್ದುದರಿಂದ ಜನರ ಕಡೆಗಲ್ಲದೆ ಪಕ್ಕಕ್ಕೆ ಮುಖ ಮಾಡಿತು. ತಿಂಗಳ ತಾಲೀಮಿನ ಓಡಾಟವೆಲ್ಲ ಅಡ್ಡಾದಿಡ್ಡಿಯಾಯಿತೆಂದು ನಿರ್ದೇಶಕರು ತಲೆ ಮೇಲೆ ಕೈ ಹೊತ್ತರು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಹೊಸ ದಾರಿ ನಡೆಸಿದರು.

ಗೋಡೆ ತಿರುಗಿದ್ದರಿಂದ ನನ್ನ ಕೆಲಸವೂ ತಿರುಗಿತು. ಮುದುಕಿ ಬಾಗಿಲಿನಿಂದ ಬರುವಾಗ ಜನರಿಗೆ ಮೊದಲು ಕಾಣುವುದು ನೆರಿಗೆಯಲ್ಲ, ಬೆನ್ನ ಮೇಲಿನ ಸೆರಗು. ನಾನು ಅಷ್ಟು ಕಷ್ಟಪಟ್ಟು ಹಾಕಿದ್ದ ತೇಪೆ ಗೋಡೆಗಷ್ಟೇ ಕಾಣುತ್ತಿತ್ತು. ಮೇಸ್ತ್ರಿ ಅದನ್ನು ಬಿಚ್ಚಿ ಸೆರಗಿಗೆ ಹಾಕಿ ಎಂದರು. ಹಾಕತೊಡಗಿದೆ. ಅವರು ನೋಡಿ, ಸಂಕೋಚದಿಂದ, ನಿಮ್ಮ ಹೊಲಿಗೆ ಬಹಳ ಚೆನ್ನಾಗಿದೆ ಅಮ್ಮಾವ್ರೆ, ಅದೇ ತೊಂದರೆ ಎಂದರು. ಕಣ್ಣು ಮಂಜಾದ ಮುದುಕಿ ತಾನೇ ಹಾಕಿಕೊಂಡ ತೇಪೆ ಅದು, ಯಾವ ಸಿಸ್ಟರೂ ಅದಕ್ಕೆ ಮಾರ್ಕು ಕೊಡಬಾರದು. ನಾನು ದೊಡ್ಡ ದೊಡ್ಡ ಹೊಲಿಗೆ ಹಾಕಿದೆ. ಬೆರಳುಗಳು ಒಪ್ಪಲೇ ಇಲ್ಲ. ಮೂರು ಹೊಲಿಗೆ ಸೊಟ್ಟಗೆ ಬಿದ್ದರೆ ನಾಲ್ಕನೆಯದು ತಾನಾಗಿ ನೆಟ್ಟಗಾಗುತ್ತಿತ್ತು. ಕೊನೆಗೆ ಸೂಜಿಯನ್ನು ಎಡಗೈಗೆ ತೆಗೆದುಕೊಂಡೆ.

ಮಧ್ಯಾಹ್ನ ನಮ್ಮವರು ಬಂದು ಓರೆ ನಿಂತ ಗೋಡೆಯನ್ನು ನೋಡಿ ಗಾಬರಿಯಾದರು. ಕಾರಣ ಕೇಳಿದ ಮೇಲೆ ಮೇಸ್ತ್ರಿಯ ಹತ್ತಿರ ಹೋಗಿ, ನಾಟಕದ ಮನೆಗೆ ಕಾರ್ಖಾನೆಯ ಡ್ರಾಯಿಂಗ್ ಕೊಟ್ಟದ್ದು ನನ್ನ ತಪ್ಪು ಎಂದರು. ಅರ್ಧ ನನ್ನದು, ಅರ್ಧ ನಿಮ್ಮದು ಎಂದು ಇಬ್ಬರೂ ಎಳೆದಾಡಿದರು. ಪರದೆಯ ವಿಷಯದಲ್ಲಿ ಸುಮ್ಮನಿದ್ದ ನನಗೂ ಒಂದು ಪಾಲಿದೆ ಎಂದೆ. ಇದು ಮೂರು ಪಾಲಾದರೆ ತಲೆಗೆ ಒಂದಿಂಚು ಬರುತ್ತದೆ ಎಂದರು ಮೇಸ್ತ್ರಿ. ಆ ದಿನ ಅವರು ನಕ್ಕಿದ್ದು ಅದೇ ಮೊದಲು.

ಸಂಜೆ ಹಾಲು ತುಂಬಿತು. ನಾನು ಬಲಗಡೆಯ ವಿಂಗಿನಲ್ಲಿ ಕೊಂಡಿ, ಪಿನ್ನು, ದಾರ ಹಿಡಿದು ನಿಂತಿದ್ದೆ. ಎರಡನೆಯ ಅಂಕದ ಪರದೆ ಬಿದ್ದ ಕೂಡಲೇ ಹುಡುಗಿ ಓಡಿಬಂದಳು. ನಾನು ಸೊಂಟದ ಕೊಂಡಿ ಬಿಚ್ಚಿ ಕುದಿಸಿದ ಸೀರೆಯ ಪಟ್ಟಿ ಕಟ್ಟಿದೆ. ಅವಳು ಹೊರಗೆ ನಿಂತಿದ್ದ ಮೇಸ್ತ್ರಿಯನ್ನು, ಅಣ್ಣಾ, ಸೆರಗು ನೀವೇ ನೋಡಿ ಎಂದು ಕರೆದಳು. ಅವರು ಬಂದು, ಮೈಗೆ ಕೈ ತಾಗಿಸದೆ, ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಭುಜದಿಂದ ಸ್ವಲ್ಪ ಜಾರಿಸಿ, ತೇಪೆ ಸರಿಯಾಗಿ ಬೆನ್ನ ಮೇಲೆ ಬರುವಂತೆ ಬಿಟ್ಟರು. ಅವಳು ಬಾಗಿಲು ದಾಟಿ ಹೋದಳು. ನಾಲ್ಕು ಹೆಜ್ಜೆ ಹಾಕಿ, ಎಲ್ಲಿಗೆ ಹೊರಟೆ ಎಂದು ಮರೆತವಳಂತೆ ನಿಂತಳು. ಕೆಮ್ಮುತ್ತಿದ್ದ ಹಾಲು ಕೆಮ್ಮುವುದನ್ನು ನಿಲ್ಲಿಸಿತು. ನಾನು ಮೇಸ್ತ್ರಿಯ ಕಡೆ ನೋಡಿದೆ. ಅವರು ಅವಳ ಮುಖವನ್ನಾಗಲೀ ಜನರನ್ನಾಗಲೀ ನೋಡುತ್ತಿರಲಿಲ್ಲ, ಅವಳ ಕಾಲನ್ನೇ ನೋಡುತ್ತಿದ್ದರು.

ಬಹುಮಾನ ಬೇರೆ ತಂಡಕ್ಕೆ ಹೋಯಿತು. ಪ್ಯಾಟರ್ನ್ ಶಾಪಿನಲ್ಲಿ ಅವರು ಹೆದರಿದ ಹಾಗೆಯೇ ಆಯಿತು. ಸೋಮವಾರ ಹೋಗುವಷ್ಟರಲ್ಲಿ ಅವರ ಬೆಂಚಿನ ಮೇಲೆ ಯಾರೋ ಒಂದು ಬೊಂಬೆಮನೆ ಇಟ್ಟು, ಪಕ್ಕದಲ್ಲಿ ಶ್ರಿಂಕೇಜ್ ಸ್ಕೇಲು ಒರಗಿಸಿದ್ದರಂತೆ. ಊಟದ ಡಬ್ಬಿ ಬಿಚ್ಚಿದರೆ, ಮೇಸ್ತ್ರಿ, ಮುದ್ದೆ ಆರಿದ ಮೇಲೆ ಎಷ್ಟು ಕುಗ್ಗುತ್ತೆ ಎಂದು ಕೇಳುವರಂತೆ. ವಾರವೆಲ್ಲ ಹೀಗೇ ನಡೆಯಿತೆಂದು ನಮ್ಮವರು ಬೇಸರದಿಂದ ಹೇಳಿದರು. ಆ ದಿನ ಮೇಸ್ತ್ರಿಯನ್ನು ಮಾತಾಡಲು ಒತ್ತಾಯಿಸಿದವಳು ನಾನಲ್ಲವೇ ಎಂದು ನನಗೂ ಚುಚ್ಚುತ್ತಿತ್ತು.

ಅದರ ಮುಂದಿನ ಭಾನುವಾರ ಸಂಘದವರೆಲ್ಲ ಮನೆಮಂದಿಯ ಸಮೇತ ಕ್ಲಬ್ಬಿನಲ್ಲಿ ಸೇರಿದ್ದೆವು, ಕಾಫಿ ಉಪ್ಪಿಟ್ಟಿಗೆ. ಶಾಪಿನವರೂ ಬಂದಿದ್ದರು. ಯಾರೋ ಮತ್ತೆ ಮೂರಿಂಚಿನ ಮಾತು ತೆಗೆದರು. ಮೇಸ್ತ್ರಿ ತಟ್ಟೆ ಕೆಳಗಿಟ್ಟು, ನೀವೆಲ್ಲ ಅದನ್ನು ಸರಿಯಾಗಿ ಹೇಳುವುದಿಲ್ಲ, ನಾನೇ ಹೇಳುತ್ತೇನೆ ಎಂದು ಎದ್ದು ಕಟ್ಟೆ ಹತ್ತಿದರು. ಮೊದಲು ನಿರ್ದೇಶಕರಾದರು, ಹಣೆ ಒತ್ತಿಕೊಂಡರು. ಆಮೇಲೆ ಸೀರೆಯ ಗಂಟು ಅವಚಿಕೊಂಡು ಓಡುವ ನರ್ಸ್ ಆದರು. ಹುಡುಗಿ ನಾಚಿ ನನ್ನ ಭುಜಕ್ಕೆ ಮುಖ ಒತ್ತಿದಳು. ತಾವೇ ಮಂಡಿಯೂರಿ, ಕಳೆದುಕೊಂಡಿದ್ದನ್ನು ಹುಡುಕುವವರಂತೆ ಗೋಡೆ ಅಳೆದರು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು, ಆದರೆ ಈಗ ನಗಿಸುತ್ತಿದ್ದವರು ಅವರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ಅವರ ಕೈಯಲ್ಲಿತ್ತು.

ಕೊನೆಗೆ ಹೆಗಲ ಮೇಲಿನ ಟವಲನ್ನು ಸೆರಗು ಮಾಡಿಕೊಂಡರು. ವಿಂಗಿನ ಮರೆಯಲ್ಲಿ ಟೇಪನ್ನು ಎರಡೂ ಕೈಯಲ್ಲಿ ಹಿಡಿದು, ಗಂಡಸರೆಲ್ಲ ಆಚೆ ಹೋಗಲಿ ಎಂದು ಕಾಯುತ್ತ ನಿಂತ ಹೆಂಗಸೊಬ್ಬಳು ಆ ಕಟ್ಟೆಯ ಮೇಲೆ ಕಾಣಿಸಿದಳು. ಮಾತಾಡುವ ಮೊದಲು ಅವಳು ಎಡಗೈಯಿಂದ ಸೆರಗಿನ ಅಂಚನ್ನು ಒಮ್ಮೆ ಕಿವಿಯ ಹಿಂದಕ್ಕೆ ಸರಿಸಿ, ಉಗುಳು ನುಂಗಿದಳು. ನಮ್ಮವರು ಪಕ್ಕದಿಂದ, ಥೇಟ್ ನೀನೇ ಕಣೇ ಎಂದರು. ಹಾಗೆ ಮಾಡುತ್ತೇನೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನಾನು ಅವರನ್ನು ನೋಡುತ್ತಿದ್ದೇನೆ ಎಂದುಕೊಂಡಿದ್ದ ಆ ದಿನಗಳಲ್ಲೆಲ್ಲ ಮೆಟ್ಟಿಲ ಮೇಲೆ ಕೂತು ಅವರು ನನ್ನ ಪಾತ್ರವನ್ನೂ ಕಲಿಯುತ್ತಿದ್ದರು.